ಏಳನೇ ಕೋಣೆಯ ಗಾಳಿ ಮಾಪಕರಿಗೆ, ಕಿಟಕಿ ತೆರೆದಿಟ್ಟುಕೊಂಡು ಬರೆದದ್ದು

ಹೂಫ್‌ಡಾರ್ಪ್, ಮಾರ್ಚ್ ತಿಂಗಳ ಎರಡನೇ ವಾರ

ಮಾನ್ಯರೇ,

ಇತ್ತೀಚೆಗಷ್ಟೇ ಗಡಿಯಾರದ ಕೆಳಗಿನಿಂದ ಕಪಾಟಿನ ಮೂಲೆಗೆ ಸ್ಥಳಾಂತರಗೊಂಡು, ಅಲ್ಲಿಯೂ ಮೂರು ಬಣ್ಣದ ದೀಪಗಳನ್ನು ಧರಿಸಿ ವಿರಾಜಮಾನರಾಗಿರುವ, ಹಗಲಿಡೀ ಬೇಸರವಿಲ್ಲದೆ ನಮ್ಮೆಲ್ಲರ ಉಸಿರನ್ನು ಎಣಿಸುತ್ತಿರುವ ಕಾರ್ಬನ್ ಡೈಆಕ್ಸೈಡ್ ಮಾಪಕರಾದ ತಮಗೆ, ಅದೇ ಕೋಣೆಯಲ್ಲಿ ಇಪ್ಪತ್ತೆರಡು ಮಕ್ಕಳಿಗೆ ಗಣಿತ ಕಲಿಸುವ ವಿನೋದಾ ಎಂಬ ನಾನು ಎರಡೂ ಕೈ ಜೋಡಿಸಿ ನಮಸ್ಕರಿಸುತ್ತೇನೆ. ಕೈಗವಸು ಹಾಕಿಕೊಂಡೇ ನಮಸ್ಕರಿಸುತ್ತಿರುವುದಕ್ಕೆ ಕ್ಷಮೆ ಇರಲಿ. ತಾವು ಕ್ಷೇಮವೆಂದು ನಂಬಿದ್ದೇನೆ. ನಮ್ಮ ಕ್ಷೇಮದ ವಿಷಯ ನಮಗಿಂತ ತಮಗೇ ಚೆನ್ನಾಗಿ ಗೊತ್ತಿರುವುದರಿಂದ ಅದನ್ನು ಬರೆಯುವ ಅಗತ್ಯವಿಲ್ಲ.

ಇದನ್ನು ಬಹಿರಂಗವಾಗಿ ಬರೆಯಬೇಕಾಗಿ ಬಂದದ್ದು ಏಕೆಂದರೆ, ಖಾಸಗಿಯಾಗಿ ಹೇಳಿದ್ದು ಯಾವುದೂ ತಮಗೆ ನಾಟಿದಂತಿಲ್ಲ. ಮಕ್ಕಳು ಆಟಕ್ಕೆ ಹೋದಾಗ ನಾನು ಕುರ್ಚಿ ಹತ್ತಿ ತಮ್ಮ ಎದುರು ನಿಂತು, ಕನ್ನಡದಲ್ಲೊಮ್ಮೆ ತುಳುವಿನಲ್ಲೊಮ್ಮೆ, ಸಾಕಷ್ಟು ಹೇಳಿದ್ದೇನೆ. ಹೇಳಿದಷ್ಟೂ ತಮ್ಮ ಅಂಕಿ ಏರಿತೇ ಹೊರತು ಬೇರೇನೂ ಆಗಲಿಲ್ಲ. ನಮ್ಮ ಮನೆಯವರು, ಅಂದರೆ ಇಲ್ಲಿನ ವಿಮಾನ ಸರಕಿನ ಕಂಪನಿಯೊಂದರಲ್ಲಿ ದುಡಿಯುವ ಪೂವಪ್ಪ, "ಎಂತ ಮಾರಾಯ್ತಿ, ಗೋಡೆಯ ಡಬ್ಬದ ಹತ್ತಿರ ಜಗಳ ಮಾಡ್ಲಿಕ್ಕೆ ಉಂಟಾ? ಬರ್ದು ಕೊಡು, ದಾಖಲೆ ಆದ್ರೂ ಇರ್ತದೆ" ಎಂದರು. ಡಚ್ಚರ ಈ ದೇಶದಲ್ಲಿ ಬರೆದು ಕೊಟ್ಟದ್ದಕ್ಕೆ ಆರು ವಾರದೊಳಗೆ ಉತ್ತರ ಬರುತ್ತದೆಂಬ ಭರವಸೆಯಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ಪರಿಚಯ. ನಾನು ಉಡುಪಿ ಕಡೆಯವಳು, ಆದರೆ ಟೀಚರಾಗಿ ಪಳಗಿದ್ದು ಮರುಭೂಮಿಯಲ್ಲಿ. ಓಮಾನಿನ ಒಳನಾಡಿನ ಇಬ್ರಿ ಎಂಬ ಊರಿನ ಭಾರತೀಯ ಶಾಲೆಯೊಂದರಲ್ಲಿ ಹತ್ತೊಂಬತ್ತು ವರ್ಷ ಗಣಿತ ಹೇಳಿಕೊಟ್ಟಿದ್ದೇನೆ. ಅಲ್ಲಿ ಕಿಟಕಿಗೆ ಇದ್ದದ್ದು ಒಂದೇ ಕೆಲಸ, ಮುಚ್ಚಿಕೊಂಡಿರುವುದು. ಬೇಸಿಗೆ ಬಂತೆಂದರೆ ಚೌಕಟ್ಟಿನ ಸುತ್ತ ಕಂದು ಬಣ್ಣದ ಟೇಪು ಅಂಟಿಸಿ, ಬಾಗಿಲ ಕೆಳಗಿನ ಸಂದಿಗೆ ಒದ್ದೆ ಬಟ್ಟೆ ತುರುಕಿ, ಏಸಿಯ ಗೊರಗೊರಕ್ಕಿಂತ ಮೇಲಿನ ದನಿಯಲ್ಲಿ ಪಾಠ ಮಾಡಬೇಕಿತ್ತು. ಅಷ್ಟೆಲ್ಲ ಮಾಡಿದರೂ ಮೂರನೇ ಪೀರಿಯಡ್ಡಿನ ಹೊತ್ತಿಗೆ ಹಾಜರಿ ಪುಸ್ತಕದ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ಮರಳು ಕೂತಿರುತ್ತಿತ್ತು. ಹೊಸದಾಗಿ ಬಂದ ಟೀಚರೊಬ್ಬರು ಒಮ್ಮೆ "ಸ್ವಲ್ಪ ಗಾಳಿ ಬರಲಿ" ಎಂದು ಕಿಟಕಿ ತೆರೆದರು. ಆ ಗಾಳಿಯನ್ನು ನಾವು ಹೋಮ್‌ವರ್ಕ್ ಪುಸ್ತಕಗಳಿಂದ ಎರಡು ತಿಂಗಳು ಕೊಡವಿದೆವು. ಇನ್ನು ಮಳೆ ಜೋರಾಗಿ ಬಂದರೆ ಅಲ್ಲಿ ಶಾಲೆಗೆ ರಜೆ. ಹೌದು ಸ್ವಾಮಿ, ಮಳೆಗೆ ರಜೆ! ಒಣಗಿದ ಹಳ್ಳಗಳಲ್ಲಿ ದಿಢೀರನೆ ನೀರು ನುಗ್ಗುತ್ತದೆಂದು ಬಸ್ಸು ಬಿಡುತ್ತಿರಲಿಲ್ಲ. ಅದೇ ನಿಯಮ ಇಲ್ಲಿ ಜಾರಿಗೆ ಬಂದರೆ ಹೂಫ್‌ಡಾರ್ಪಿನ ಮಕ್ಕಳು ಶಾಲೆಯ ಮುಖವನ್ನೇ ನೋಡಿರುತ್ತಿರಲಿಲ್ಲ.

ಆ ಮುಚ್ಚಿದ ಕೋಣೆಗಳಲ್ಲಿ ನಲವತ್ತು ಮಕ್ಕಳು ಒಟ್ಟಾಗಿ, ಗಂಟಲು ಬಿಚ್ಚಿ, ಮಗ್ಗಿ ಹೇಳುತ್ತಿದ್ದರು. ಹಾಗೆ ಹೇಳಿಸುವುದು ಹಳೇ ಕಾಲದ ಕ್ರಮವೆಂದು ದೊಡ್ಡ ದೊಡ್ಡ ತರಬೇತಿಗಳಲ್ಲಿ ನನಗೆ ತಿಳಿಸಲಾಗಿದೆ. ನಾನೂ ತಲೆಯಾಡಿಸಿ, ಚಹಾ ಕುಡಿದು, ಮರುದಿನ ಮತ್ತೆ ಹೇಳಿಸಿದ್ದೇನೆ. ಯಾಕೆಂದರೆ ಗುಂಪಿನಲ್ಲಿ ಹೇಳುವಾಗ ಹೆದರುವ ಮಗುವಿಗೂ ಧೈರ್ಯ ಬರುತ್ತದೆ. ತಪ್ಪಿದರೆ ಯಾರಿಗೂ ಕೇಳುವುದಿಲ್ಲ, ಸರಿಯಾದರೆ ತನಗೆ ತಾನೇ ಕೇಳುತ್ತದೆ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಕಳೆದ ಆಗಸ್ಟಿನಲ್ಲಿ, ಹಲವು ದೇಶದ ಮಕ್ಕಳು ಇಂಗ್ಲಿಷಿನಲ್ಲಿ ಕಲಿಯುವ ಈ ಶಾಲೆಗೆ ಸೇರಿ ತಮ್ಮನ್ನು ಮೊದಲ ಸಲ ಕಂಡಾಗ, ಏಸಿಯ ಯಾವುದೋ ಸ್ವಿಚ್ಚು ಎಂದುಕೊಂಡು ತಮ್ಮ ಮೈಯಿಡೀ ಬಟನ್ ಹುಡುಕಿದ ಅವಿವೇಕವನ್ನು ಮನ್ನಿಸಬೇಕು. ಮುಖ್ಯೋಪಾಧ್ಯಾಯಿನಿ ಮಾರ್ಯೊಲೈನ್ ಅವರೇ ಬಂದು ತಮ್ಮ ಮಹಿಮೆ ವಿವರಿಸಿದರು: ಹಸಿರು ಎಂದರೆ ಕ್ಷೇಮ, ಕಿತ್ತಳೆ ಎಂದರೆ ಎಚ್ಚರ, ಕೆಂಪು ಎಂದರೆ ತಕ್ಷಣ ಕಿಟಕಿ ತೆರೆಯಬೇಕು. ಹೊರಗೆ ಹಿಮ ಬೀಳುತ್ತಿದ್ದರೂ ತೆರೆಯಬೇಕೇ ಎಂದು ಕೇಳಿದೆ. ಅವರು ನನ್ನ ಭುಜ ತಟ್ಟಿ, "ಹಿಮದ ಗಾಳಿ ತುಂಬಾ ತಾಜಾ, ವಿನೋದಾ" ಎಂದರು. ಆವತ್ತಿನಿಂದ ನಾನು ಕೋಟು ತೊಟ್ಟೇ ಪಾಠ ಮಾಡುತ್ತೇನೆ. ಅದನ್ನು ನೋಡಿ ಪಾಪ ಅವರು "ಹೊರಟಿರಾ?" ಎಂದು ಮೂರು ಸಲ ಕೇಳಿದ್ದಾರೆ. ನನ್ನೆದುರಿಗೇ ಮೊದಲ ಬೆಂಚಿನ ಡಚ್ ಮಕ್ಕಳು ಅರ್ಧ ತೋಳಿನ ಅಂಗಿಯಲ್ಲಿ, ಚಾಕೊಲೇಟ್ ಚೂರು ಉದುರಿಸಿದ ಬ್ರೆಡ್ಡು ತಿನ್ನುತ್ತ, ಆ ಗಾಳಿಗೆ ಮುಖವೊಡ್ಡಿ ಕೂತಿರುತ್ತಾರೆ.

ತಮ್ಮ ನಿಷ್ಪಕ್ಷಪಾತದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೂ ಪಕ್ಕದ ಎಂಟನೇ ಕೋಣೆಯಲ್ಲಿ, ಮಕ್ಕಳು ಇಬ್ಬಿಬ್ಬರಾಗಿ ಕೂತು ಪಿಸುಗುಡುತ್ತ ಲೆಕ್ಕ ಮಾಡುವಲ್ಲಿ, ತಮ್ಮ ಸೋದರರು ಬೆಳಗ್ಗಿನಿಂದ ಸಂಜೆವರೆಗೆ ಹಸಿರಾಗಿರುತ್ತಾರೆ. ನನ್ನ ಕೋಣೆಯಲ್ಲಿ ಆರರ ಮಗ್ಗಿ ಅರ್ಧಕ್ಕೆ ಬರುವಾಗ ತಾವು ಕಿತ್ತಳೆ, ಎಂಟರ ಮಗ್ಗಿಗೆ ಕೆಂಪು. ತಾವು ಅಳೆಯುವುದು ಗಾಳಿಯನ್ನೋ ನನ್ನ ಪಾಠದ ಕ್ರಮವನ್ನೋ ಎಂದು ಒಮ್ಮೊಮ್ಮೆ ಅನುಮಾನ ಬರುತ್ತದೆ. ಇರಲಿ, ಅಷ್ಟೇ ಆಗಿದ್ದರೆ ನಾನು ಪೆನ್ನು ಹಿಡಿಯುತ್ತಿರಲಿಲ್ಲ, ಇನ್ನೊಂದು ಸ್ವೆಟರ್ ಹಾಕಿಕೊಳ್ಳುತ್ತಿದ್ದೆ.

ಈಗ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಅಕ್ಟೋಬರಿನಲ್ಲಿ ಆಯುಧಪೂಜೆ ಬಂತು. ನಮ್ಮ ಕಡೆ ಆ ದಿನ ಸ್ಕೂಟರಿನಿಂದ ಹಿಡಿದು ಹೊಲಿಗೆ ಮಷೀನಿನವರೆಗೆ ಅನ್ನ ಕೊಡುವ ಯಾವುದನ್ನೂ ಅರಿಸಿನ ಕುಂಕುಮ ಹಚ್ಚದೆ ಬಿಡುವುದಿಲ್ಲ. ಇಬ್ರಿಯಲ್ಲಿ ನಾನು ವಿಜ್ಞಾನ ಲ್ಯಾಬಿನ ತಕ್ಕಡಿಯನ್ನೂ ಬಿಟ್ಟವಳಲ್ಲ. ಆ ಬೆಳಗ್ಗೆ ಮಕ್ಕಳಿಗಿಂತ ಮೊದಲು ಹೋಗಿ ಲ್ಯಾಪ್‌ಟಾಪಿಗೆ, ಪ್ರಿಂಟರಿಗೆ, ಗೋಡೆಯ ದೊಡ್ಡ ಪರದೆಗೆ, ಪೆನ್ಸಿಲ್ ಹೆರೆಯುವ ಯಂತ್ರಕ್ಕೆ ಒಂದೊಂದು ಬೊಟ್ಟಿಟ್ಟೆ. ತಮ್ಮೊಬ್ಬರನ್ನೇ ಬಿಟ್ಟರೆ ಬೇಸರವಾದೀತೆಂದು ತಮಗೆ ಸ್ವಲ್ಪ ಧಾರಾಳವಾಗಿಯೇ ಹಚ್ಚಿದೆ. ನಾನು ಹಣೆ ಎಂದು ತಿಳಿದದ್ದು ತಮ್ಮ ಮೂಗಾಗಿತ್ತು. ಕುಂಕುಮ ಜಾಲರಿಯೊಳಗೆ ಇಳಿಯಿತು, ತಾವು ಮೂರು ದಿನ ಕೆಂಪಾಗಿಯೇ ಉಳಿದಿರಿ, ಮೂರು ದಿನ ಕಿಟಕಿಗಳು ತೆರೆದೇ ಉಳಿದವು, ನಾಲ್ಕು ಮಕ್ಕಳಿಗೆ ನೆಗಡಿಯಾಯಿತು.

ನಾಲ್ಕನೇ ದಿನ ಶಾಲೆಯ ರಿಪೇರಿ ಕೆಲಸಗಳನ್ನೆಲ್ಲ ನೋಡಿಕೊಳ್ಳುವ ಹೆಂಕ್ ಬಂದರು. ಸ್ಟೂಲು ಬೇಕಿಲ್ಲದಷ್ಟು ಎತ್ತರದ ಮನುಷ್ಯ. ತಮ್ಮನ್ನು ಬಿಚ್ಚಿ ಉಫ್ ಎಂದು ಊದಿದಾಗ ಅವರ ಬಿಳಿ ಅಂಗಿಯೆಲ್ಲ ಕೆಂಪು. "ರಕ್ತವೇ?" ಎಂದು ಗಾಬರಿಯಿಂದ ಕೇಳಿದರು. ರಕ್ತವಲ್ಲ, ವರ್ಷಕ್ಕೊಮ್ಮೆ ನಮ್ಮ ಉಪಕರಣಗಳಿಗೆ ನಾವು ಹೇಳುವ ಥ್ಯಾಂಕ್ಸ್ ಎಂದು ವಿವರಿಸಿದೆ. ಅವರು ಮರುದಿನವೇ ಡ್ರಿಲ್ ಮಷೀನನ್ನೂ ಅಲ್ಯೂಮಿನಿಯಂ ಏಣಿಯನ್ನೂ ನನ್ನ ಮೇಜಿನ ಹತ್ತಿರ ತಂದು ನಿಲ್ಲಿಸಿದರು. ಎರಡಕ್ಕೂ ಬೊಟ್ಟಿಟ್ಟೆ. ಅದಕ್ಕೆ ಪ್ರತಿಯಾಗಿ ನನಗೊಂದು ಉಪಕಾರ ಮಾಡೋಣವೆಂದು ಹೆಂಕ್, ಅದುವರೆಗೆ ಮೌನವ್ರತದಲ್ಲಿದ್ದ ತಮಗೆ ಬೀಪ್ ಸದ್ದು ಹಾಕಿಕೊಟ್ಟರು. ಇನ್ನು ನಾನು ಬೋರ್ಡಿನ ಕಡೆ ತಿರುಗಿದ್ದರೂ ಕೆಂಪಾದದ್ದು ಗೊತ್ತಾಗುತ್ತದಂತೆ. ಮುಂದೆ ಆದದ್ದಕ್ಕೆಲ್ಲ ಮೂಲ ನಾನು ಹಚ್ಚಿದ ಆ ಕುಂಕುಮವೇ.

ಏಕೆಂದರೆ ನಮ್ಮ ಕೋಣೆಯಲ್ಲಿ ನಿಹಾರಿಕಾ ಇದ್ದಾಳೆ. ಎಂಟು ವರ್ಷದ ಹುಡುಗಿ. ಅವಳ ತಾಯಿ ರಜನಿಗೆ ಇಲ್ಲಿನ ಐಟಿ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿ, ಕಳೆದ ಆಗಸ್ಟಿನಲ್ಲಿ ಮೈಸೂರಿನಿಂದ ಬಂದವರು. ಶಾಲೆಗೆ ಸೇರಿದ ದಿನದಿಂದ ನಿಹಾರಿಕಾ ಒಂದು ಶಬ್ದವನ್ನೂ ಆಡಿರಲಿಲ್ಲ. ಇಂಗ್ಲಿಷಿನಲ್ಲೂ ಇಲ್ಲ, ಡಚ್ಚಿನಲ್ಲೂ ಇಲ್ಲ, ನಾನು ಕಿವಿಯ ಹತ್ತಿರ ಕನ್ನಡದಲ್ಲಿ ಕೇಳಿದರೂ ಇಲ್ಲ. ಲೆಕ್ಕವೆಲ್ಲ ಸರಿಯಾಗಿ ಬರೆಯುತ್ತಾಳೆ, ಹೆಸರು ಕೂಗಿದರೆ ಕೈ ಎತ್ತುತ್ತಾಳೆ, ಬಾಯಿ ಮಾತ್ರ ಬಂದ್. ರಜನಿ ತಲೆ ಚಚ್ಚಿಕೊಳ್ಳುತ್ತಿದ್ದರು: "ಮಿಸ್, ಮನೇಲಿ ಇವಳ ಬಾಯಿಗೆ ಬ್ರೇಕೇ ಇಲ್ಲ. ಸ್ಕೂಲ್ ಗೇಟ್ ಬಂತು ಅಂದ್ರೆ ಸಾಕು, ಫುಲ್ ಮ್ಯೂಟ್!"

ನವೆಂಬರಿನ ಒಂದು ಮಂಗಳವಾರ, ನೀವು ಚಿಕ್ಕವರಿದ್ದಾಗ ಮಗ್ಗಿ ಹೇಗೆ ಕಲಿತಿರಿ ಎಂದು ಮಕ್ಕಳು ನನ್ನನ್ನು ಕೇಳಿದರು. ನಾನು ಹೇಳಿ ತೋರಿಸಿದೆ: ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು. ಅವರಿಗೆ ಎಲ್ಲಿಲ್ಲದ ಖುಷಿ. ಪೋಲೆಂಡಿನವನು, ಜಪಾನಿನವಳು, ಬ್ರೆಜಿಲಿನ ಅವಳಿ ಜವಳಿ, ಎಲ್ಲರೂ ಬೆಂಚು ಬಡಿಯುತ್ತ ನನ್ನ ಹಿಂದೆಯೇ ಹೇಳತೊಡಗಿದರು. ಏಳ್ಮೂರ್ಲ ಇಪ್ಪತ್ತೊಂದಕ್ಕೆ ನಿಹಾರಿಕಾಳ ತುಟಿ ಅಲುಗಿತು. ಏಳೈದ್ಲ ಮೂವತ್ತೈದಕ್ಕೆ ದನಿ ಬಂತು. ಏಳಾರ್ಲ ನಲವತ್ತೆರಡು ಎಂದಾಗ ಆ ಇಪ್ಪತ್ತೆರಡು ದನಿಗಳಲ್ಲಿ ಅವಳದೇ ಎಲ್ಲಕ್ಕಿಂತ ಮೇಲಿತ್ತು, ಕಣ್ಣು ಮುಚ್ಚಿ, ಮನೆಯಲ್ಲಿ ಅಜ್ಜಿ ಕಲಿಸಿದ್ದಿರಬೇಕಾದ ರಾಗದಲ್ಲಿ ಹೇಳುತ್ತಿದ್ದಳು. ಸರಿಯಾಗಿ ಆ ಕ್ಷಣಕ್ಕೆ, ಮಾನ್ಯರೇ, ತಾವು ಕೆಂಪಾಗಿ ಬೀಪ್, ಬೀಪ್, ಬೀಪ್ ಎಂದಿರಿ.

ಎಲ್ಲರೂ ತಮ್ಮ ಕಡೆ ತಿರುಗಿದರು. ಯಾರೋ ಎದ್ದು ಕಿಟಕಿ ತೆರೆದರು. ಆ ಚಳಿಗಾಳಿಯಲ್ಲಿ ನಿಹಾರಿಕಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಮನೆಗೆ ಹೋಗಿ ತಾಯಿಗೆ ಹೇಳಿದಳಂತೆ: "ಅಮ್ಮಾ, ನಾನು ಮಾತಾಡಿದ್ರೆ ಗೋಡೆ ಮೇಲಿರೋ ಡಬ್ಬಕ್ಕೆ ಕೋಪ ಬರತ್ತೆ." ತಾವು ಮಗುವನ್ನು ಗದರಿಸಿದವರಲ್ಲ, ನಿಯಮ ಪಾಲಿಸಿದವರು ಎಂದು ನನಗೆ ಗೊತ್ತು. ಅವಳಿಗೆ ಅದನ್ನು ಹೇಗೆ ಹೇಳುವುದು? ಹತ್ತು ರೀತಿಯಲ್ಲಿ ಹೇಳಿದೆ, ಚಿತ್ರ ಬರೆದು ತೋರಿಸಿದೆ. ಅವಳು ಎಲ್ಲ ಕೇಳಿಸಿಕೊಂಡು, ತಮ್ಮ ಕಡೆ ಒಮ್ಮೆ ನೋಡಿ, ತುಟಿ ಬಿಗಿದುಕೊಳ್ಳುತ್ತಿದ್ದಳು. ತಮ್ಮ ಬೀಪನ್ನು ಎಷ್ಟು ಜನ್ಮಕ್ಕೆ ಬೇಕೋ ಅಷ್ಟು ಶಪಿಸಿದ್ದೇನೆ, ಅದನ್ನೀಗ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಡಿಸೆಂಬರ್ ಹೋಯಿತು. ಜನವರಿಯಲ್ಲಿ ಮಾರ್ಯೊಲೈನ್ ನನ್ನನ್ನು ಕರೆದು, ತುಂಬ ನೋವಿನಿಂದಲೇ, ಈ ಮಗುವಿಗೆ ನಮ್ಮ ಶಾಲೆ ಸಾಲದೇನೋ ಎಂದರು. ಬಾಯಿಬಿಟ್ಟು ಮಾತಾಡದ ಮಗುವಿನ ಪರೀಕ್ಷೆ ಮಾಡಲಾಗುವುದಿಲ್ಲ. ಬೇರೆ ಊರಿನಲ್ಲಿ ಅಂಥವರಿಗೆಂದೇ ಒಂದು ವಿಶೇಷ ಶಾಲೆಯಿದೆ, ಬೆಳಗ್ಗೆ ಮನೆ ಬಾಗಿಲಿಗೆ ಟ್ಯಾಕ್ಸಿ ವ್ಯಾನ್ ಬರುತ್ತದೆ. ಫೆಬ್ರವರಿ ಮೊದಲ ಗುರುವಾರ ಬೆಳಗ್ಗೆ ಸ್ವತಃ ತರಗತಿಗೆ ಬಂದು ನೋಡುವುದಾಗಿಯೂ ಮಧ್ಯಾಹ್ನ ಮೂರಕ್ಕೆ ರಜನಿಯ ಜೊತೆ ಸಭೆ ಸೇರಿ ತೀರ್ಮಾನಿಸುವುದಾಗಿಯೂ ಹೇಳಿದರು. ಆ ಶಾಲೆ ಒಳ್ಳೆಯದೇ ಇರಬಹುದು, ಬೇಡವೆನ್ನಲು ನಾನು ಯಾರು? ಆದರೆ ಏಳೈದ್ಲ ಮೂವತ್ತೈದನ್ನು ನಾನು ಕಿವಿಯಾರೆ ಕೇಳಿದ್ದೆ. ದನಿಯಿಲ್ಲದ ಮಗುವಲ್ಲ ಅದು, ನನ್ನ ಕೋಣೆಯಲ್ಲಿ ದನಿ ಕಳೆದುಕೊಂಡ ಮಗು.

ಆ ಸಂಜೆ ಮನೆಯಲ್ಲಿ ಪೂವಪ್ಪನವರ ಎದುರು ಕಣ್ಣೀರು ಹಾಕಿದೆ. ಅವರು ಚಹಾ ಮಾಡಿ ಕೊಟ್ಟು, "ಅವಳಿಗೆ ಡಬ್ಬದ್ದೇ ಹೆದರಿಕೆ ಅಲ್ವಾ? ಹಾಗಾದ್ರೆ ಡಬ್ಬವನ್ನೇ ಅವಳ ಕೈಗೆ ಕೊಡು" ಎಂದರು. ಮಗು ಹೆದರುವ ನಾಯಿಯನ್ನು ಮಗುವಿನ ಕೈಯಿಂದಲೇ ಬಿಸ್ಕತ್ತು ಹಾಕಿಸಿ ಪಳಗಿಸುವ ಹಾಗೆ ಅಂತೆ. ಹೋಲಿಕೆಗಾಗಿ ಕ್ಷಮಿಸಿ, ಅವರು ಹೇಳಿದ್ದನ್ನು ಹೇಳಿದೆ.

ಮರುದಿನ ಹೆಂಕ್ ಅವರನ್ನು ಹಿಡಿದು ಎರಡು ಕೆಲಸ ಮಾಡಿಸಿದೆ. ಒಂದು, ತಮ್ಮ ಬೀಪನ್ನು ಕೀಳಿಸಿದೆ. ಇನ್ನೊಂದು, ತಮ್ಮನ್ನು ಕಪಾಟಿನ ಪಕ್ಕದ ಮೂಲೆಗೆ, ನಿಹಾರಿಕಾಳ ಬೆಂಚಿಗೆ ಬಿಟ್ಟರೆ, ಬಗ್ಗಿ ನೋಡದ ಹೊರತು ಬೇರೆ ಯಾರಿಗೂ ಕಾಣದ ಜಾಗಕ್ಕೆ ಹೊಡೆಸಿದೆ. ಸ್ಥಳಾಂತರದ ಕಾರಣ ಇದು, ಶಿಕ್ಷೆ ಎಂದು ಭಾವಿಸಬೇಡಿ. ಗಿಡಕ್ಕೆ ನೀರು ಹಾಕುವುದು, ಪೆನ್ಸಿಲ್ ಎಣಿಸುವುದು ಎಂದು ಮಕ್ಕಳಿಗೆ ಕೆಲಸ ಹಂಚುವ ಪದ್ಧತಿ ಇಲ್ಲಿನ ಶಾಲೆಗಳಲ್ಲಿದೆಯಲ್ಲ, ಆ ಪಟ್ಟಿಯಲ್ಲಿ ಹೊಸದಾಗಿ "ಕಿಟಕಿ" ಎಂದು ಬರೆದು ಮುಂದೆ ನಿಹಾರಿಕಾಳ ಹೆಸರು ಹಾಕಿದೆ. ಡಬ್ಬಕ್ಕೆ ಈಗ ಬಾಯಿಲ್ಲ, ಕೆಂಪಾದರೆ ನೀನೇ ಹೇಳಬೇಕು, ಇಲ್ಲದಿದ್ದರೆ ನಮಗ್ಯಾರಿಗೂ ಗೊತ್ತಾಗುವುದಿಲ್ಲ ಎಂದೆ.

ಮುಂದಿನ ದಿನಗಳಲ್ಲಿ ತಾವು ಕೆಂಪಾದಾಗಲೆಲ್ಲ ಅವಳು ತಮ್ಮನ್ನು ನೋಡುವಳು, ನನ್ನನ್ನು ನೋಡುವಳು. ನಾನು ಕಾಣದವಳಂತೆ ಬೋರ್ಡಿನ ಮೇಲೆ ಭಾಗಾಕಾರ ಬರೆಯುತ್ತಿದ್ದೆ. ಗಾಳಿ ದಪ್ಪವಾಗಿ ಮಕ್ಕಳು ಆಕಳಿಸುತ್ತಿದ್ದರು, ನನ್ನ ತಲೆ ಧಿಮ್ಮೆನ್ನುತ್ತಿತ್ತು, ಕೊನೆಗೆ ನಾನೇ ಏನೋ ನೆಪ ಹೇಳಿ ಕಿಟಕಿ ತೆರೆಯುತ್ತಿದ್ದೆ. ಗುರುವಾರದ ಹಿಂದಿನ ದಿನ ಅವಳು ಎದ್ದು ನಿಂತು ಬೆಂಚನ್ನು ಎರಡು ಸಲ ಕುಟ್ಟಿದಳು. ಕಿಟಕಿ ತೆರೆದೆವು, ಆದರೆ ಕುಟ್ಟಿದ್ದಕ್ಕೆ ಸಭೆಯಲ್ಲಿ ಅಂಕವಿಲ್ಲ.

ಗುರುವಾರ ಬಂತು. ಮಾರ್ಯೊಲೈನ್ ನೋಟುಬುಕ್ಕು ಹಿಡಿದು ಹಿಂದಿನ ಸಾಲಿನಲ್ಲಿ ಕೂತರು. ಆರು ತಿಂಗಳು ನನ್ನ ಮಗ್ಗಿಗಳಿಗೆಲ್ಲ ತಪ್ಪದೆ ಕೆಂಪಾಗುತ್ತಿದ್ದ ತಾವು, ನನಗೆ ಬೇಕಾದ ಆ ಒಂದು ದಿನ ಕಿತ್ತಳೆಯಲ್ಲೇ ಪಟ್ಟು ಹಿಡಿದು ಕೂತಿರಿ! ಏಳರ ಮಗ್ಗಿ ಹೇಳಿಸಿ ಕಪಾಟಿನ ಕಡೆ ಬಗ್ಗಿ ನೋಡಿದೆ, ಕಿತ್ತಳೆ. ಎಂಟರದು ಹೇಳಿಸಿದೆ, ಕಿತ್ತಳೆ. ಬಾಗಿಲ ಸಂದಿಯಿಂದ ಗಾಳಿ ನುಸುಳುತ್ತಿದೆಯೆಂದು ಹೊಳೆದದ್ದೇ ತಡ, ಇಬ್ರಿಯ ವಿದ್ಯೆ ನೆನಪಾಯಿತು. ಕೋಟು ಬಿಚ್ಚಿ ಮಡಚಿ ಬಾಗಿಲ ಕೆಳಗೆ ತುರುಕಿದೆ. ನಾನು ಕೋಟು ಬಿಚ್ಚಿದ್ದನ್ನು ಮೊದಲ ಸಲ ಕಂಡ ಮಾರ್ಯೊಲೈನ್ ಏನೋ ಬರೆದುಕೊಂಡರು. ಮಾಸ್ತರಿಕೆಯ ಹೆಸರಿನಲ್ಲಿ ಇಪ್ಪತ್ತೆರಡು ಮಕ್ಕಳ ಗಾಳಿ ಕೆಡಿಸುತ್ತಿರುವ ಹೆಂಗಸು ನಾನು, ಅದೂ ಮೇಲಧಿಕಾರಿಯ ಎದುರಿಗೇ. ಒಂಬತ್ತರ ಮಗ್ಗಿ ಮುಗಿಯುತ್ತಿದ್ದಂತೆ ನಿಹಾರಿಕಾಳ ಕಣ್ಣು ಅಗಲವಾಯಿತು. ತಾವು ಕೆಂಪಾದಿರಿ ಎಂದು ಅದರಿಂದಲೇ ತಿಳಿಯಿತು. ನಾನು ಬೋರ್ಡಿನ ಕಡೆ ತಿರುಗಿ ಕೈಯಲ್ಲಿ ಪೆನ್ನು ಹಿಡಿದು ನಿಂತೆ, ಏನು ಬರೆದೆನೋ ದೇವರೇ ಬಲ್ಲ.

"ಮಿಸ್, ಕೆಂಪಾಯ್ತು! ಕಿಟಕಿ ತೆಗೀರಿ!"

ಹೇಳಿದ್ದು ಕನ್ನಡದಲ್ಲಿ. ಯಾರೂ ಅಲುಗಾಡಲಿಲ್ಲ, ನನಗೆ ಅಲುಗಾಡಲು ಆಗಲಿಲ್ಲ. ಇವರಿಗೆ ಅರ್ಥವಾಗುವುದಿಲ್ಲ ಎಂದು ಅವಳಿಗೇ ಹೊಳೆದು, ಈ ಸಲ ಗೋಡೆ ಅದುರುವಂತೆ ಡಚ್ಚಿನಲ್ಲಿ ಕೂಗಿದಳು: "ರಾಮ್ ಓಪನ್!" ಕಿಟಕಿ ತೆರೆಯಿರಿ ಎಂದು. ಮೊದಲು ಎದ್ದು ಕಿಟಕಿ ತೆರೆದವರು ಮಾರ್ಯೊಲೈನ್. ಚಳಿಗೆ ಕಣ್ಣಲ್ಲಿ ನೀರು ಬಂತೆಂದು ಮಕ್ಕಳಿಗೆ ಹೇಳಿದೆ. ತಮಗೆ ಸುಳ್ಳು ಹೇಳುವುದಿಲ್ಲ, ಅತ್ತದ್ದೇ ನಿಜ. ಮೂರು ಗಂಟೆಯ ಸಭೆ ಹತ್ತು ನಿಮಿಷದಲ್ಲಿ ಮುಗಿಯಿತು. ನಿಹಾರಿಕಾ ಇಲ್ಲಿಯೇ ಇರುತ್ತಾಳೆ.

ಇಷ್ಟಾದ ಮೇಲೂ ದೂರೇನು ಎಂದು ತಾವು ಕೇಳಬಹುದು. ದೂರು ಇದೇ: ಈಗ ಅವಳು ಬಾಯಿ ಮುಚ್ಚುವುದೇ ಇಲ್ಲ. ಕೆಂಪಿಗೆ ಕೂಗುತ್ತಾಳೆ, ಕಿತ್ತಳೆಗೆ ಕೂಗುತ್ತಾಳೆ, ಹಸಿರಿದ್ದಾಗ "ಇನ್ನೂ ಹಸಿರೇ ಇದೆ" ಎಂದು ಮೂರು ಭಾಷೆಯಲ್ಲಿ ವರದಿ ಒಪ್ಪಿಸುತ್ತಾಳೆ. ನನಗೆ ಸಿಟ್ಟು ಬಂದಾಗ ಅಂಕಿ ಬೇಗ ಏರುತ್ತದೆಂದು ಕಂಡುಹಿಡಿದು ತರಗತಿಗೆಲ್ಲ ಸಾರಿದ್ದಾಳೆ. ವಾರಕ್ಕೊಬ್ಬರಂತೆ ಬದಲಾಗಬೇಕಾದ ಕಿಟಕಿ ಕೆಲಸವನ್ನು ಆರು ವಾರವಾದರೂ ಬಿಟ್ಟುಕೊಟ್ಟಿಲ್ಲ. ಬೆಳಗ್ಗಿನಿಂದ ಸಂಜೆವರೆಗೆ ಕಿಟಕಿ ತೆರೆದೇ ಇದ್ದು, ನಾನು ಈಗ ಎರಡು ಕೋಟು ತೊಡುತ್ತಿದ್ದೇನೆ.

ಆದ್ದರಿಂದ ತಮ್ಮಲ್ಲಿ ವಿನಂತಿ ಏನೆಂದರೆ, ಮಗ್ಗಿ ಹೇಳುವಾಗ ಬಿಟ್ಟ ಉಸಿರಿಗೆ ವಿನಾಯಿತಿ ಕೊಡಬೇಕು; ಹೊಸದಾಗಿ ಬಂದ ಮಗುವಿನ ಮೊದಲ ನೂರು ಮಾತುಗಳನ್ನು ಎಣಿಕೆಯಿಂದ ಬಿಡಬೇಕು; ಸಾಧ್ಯವಾದರೆ ಇಬ್ರಿಯ ಒಂದು ಮೇ ತಿಂಗಳ ಮಧ್ಯಾಹ್ನವನ್ನು, ಮರಳನ್ನು ಸೋಸಿ, ಈ ಕಿಟಕಿಯಿಂದ ಒಳಗೆ ಬಿಡಿಸಬೇಕು. ಇವು ತಮ್ಮ ಅಧಿಕಾರಕ್ಕೆ ಮೀರಿದ್ದಾದರೆ ಮೇಲಿನವರಿಗೆ ಕಳಿಸಿಕೊಡಿ. ಬರುವ ಅಕ್ಟೋಬರಿನಲ್ಲಿ ಕುಂಕುಮ ಹಚ್ಚುವಾಗ ಮೂಗು ಬಿಟ್ಟು ಪಕ್ಕಕ್ಕೆ ಹಚ್ಚುವ ಜವಾಬ್ದಾರಿ ನನ್ನದು.

ಎರಡು ಕೋಟಿನೊಳಗಿಂದ,
ತಮ್ಮ ವಿಶ್ವಾಸಿ,
ವಿನೋದಾ
ಏಳನೇ ಕೋಣೆ

ಮರೆತ ಮಾತು: ಕಿಟಕಿ ಇಷ್ಟು ತೆರೆದಿಟ್ಟರೂ ಇಡೀ ಶಾಲೆಯಲ್ಲಿ ಅತ್ಯಂತ ಕೆಟ್ಟ ಗಾಳಿ ಏಳನೇ ಕೋಣೆಯದು ಎಂದು ಫೆಬ್ರವರಿಯ ತಮ್ಮ ವರದಿ ಎಲ್ಲರಿಗೂ ತಲುಪಿದೆ, ಸಂತೋಷ. ಅದರಲ್ಲಿ ನಿಹಾರಿಕಾಳೊಬ್ಬಳ ಪಾಲು ಎಷ್ಟೆಂದು ಬೇರೆ ಮಾಡಿ ಬರೆದುಕೊಡಲು ಆಗುತ್ತದೆಯೇ? ಅವಳಮ್ಮ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕಂತೆ.